ಉಸಿರಿನ ಟೇಪು ಹಿಡಿಯುವವರು ಯಾರು?

ಐದಡಿ ಎತ್ತರ, ಎಪ್ಪತ್ತು ಕೆ.ಜಿ. ತೂಕದ ತಾಯಿಯೊಬ್ಬರು ಐಸಿಯುನಲ್ಲಿದ್ದಾರೆ ಎಂದುಕೊಳ್ಳಿ. ನ್ಯುಮೋನಿಯಾ ಮಿತಿಮೀರಿ ಎರಡೂ ಶ್ವಾಸಕೋಶ ಬಿಗಿದುಕೊಂಡಿವೆ, ವೆಂಟಿಲೇಟರ್ ಹಾಕಬೇಕು. ಒಂದು ಉಸಿರಿಗೆ ಎಷ್ಟು ಗಾಳಿ? ಕೆ.ಜಿ.ಗೆ 6 ಮಿ.ಲೀ. ಲೆಕ್ಕದಲ್ಲಿ, ತಕ್ಕಡಿ ನಂಬಿದವರು 420 ಎನ್ನುತ್ತಾರೆ. ಟೇಪು ಹಿಡಿದವರು 273 ಎನ್ನುತ್ತಾರೆ. ಸರಿ ಟೇಪಿನವರದೇ. ಮೈ ದಪ್ಪಗಾದ ಮಾತ್ರಕ್ಕೆ ಶ್ವಾಸಕೋಶ ಹಿಗ್ಗುವುದಿಲ್ಲ, ಅದು ಎತ್ತರದ ಮಾತು ಕೇಳುತ್ತದೆ. ಐದಡಿ ಹೆಂಗಸಿಗೆ ಲೆಕ್ಕ ಹಿಡಿಯಬೇಕಾದ ತೂಕ 45.5 ಕೆ.ಜಿ. ಅಷ್ಟೇ.

2000ದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಇಂಥ 861 ರೋಗಿಗಳ ಮೇಲೆ ನಡೆದ ಅಧ್ಯಯನ ಹೊರಬಂತು. ಕೆಲವರಿಗೆ ಹಳೆ ರೂಢಿಯಂತೆ 12 ಮಿ.ಲೀ., ಉಳಿದವರಿಗೆ 6. ನೂರಕ್ಕೆ 40ರಷ್ಟಿದ್ದ ಸಾವು 31ಕ್ಕೆ ಇಳಿಯಿತು. ಹೊಸ ಔಷಧಿ ಕೊಟ್ಟಿರಲಿಲ್ಲ, ತಿದಿಯನ್ನು ಮೆಲ್ಲಗೆ ಒತ್ತಿದ್ದರು. ಜೋರಾಗಿ ಒತ್ತಿದರೆ ಕೆಂಡವೇ ಹಾರಿಹೋಗುತ್ತದೆಂದು ನಮ್ಮ ಕುಲುಮೆಯವರಿಗೂ ಗೊತ್ತು. ಎಷ್ಟು ಮೆಲ್ಲಗೆ ಎಂಬುದನ್ನು ಅಳೆದು ತೋರಿಸಿದ್ದು ಸಂಶೋಧನೆ.

ಕೊಳ್ಳೇಗಾಲದ, ಹನೂರಿನ, ಯಳಂದೂರಿನ ತಮ್ಮಂದಿರೇ, ತಂಗಿಯರೇ, ಇಷ್ಟು ಹೇಳಿದ್ದು ನಿಮಗಾಗಿ. ಉಸಿರಿನ ಬೆಲೆ ನಮ್ಮ ಜಿಲ್ಲೆಗೆ ಯಾರೂ ಕಲಿಸಬೇಕಿಲ್ಲ. 2021ರ ಮೇ 2-3ರಂದು ಚಾಮರಾಜನಗರದಲ್ಲಿ ಆಕ್ಸಿಜನ್ ಕೊರತೆಯ ನಡುವೆ ಹೋದ 24 ಜೀವಗಳನ್ನು ಮರೆಯಲಾದೀತೇ? ಅತ್ತು ಸುಮ್ಮನಾದರೆ ಆ ಋಣ ತೀರುವುದಿಲ್ಲ.

ಕೆಲಸ ಬೇಕಾದಷ್ಟಿದೆ. ಕರಿಕಲ್ಲಿನ ಕ್ವಾರಿಯ ದೂಳು ಕುಡಿದವರ ಎದೆ ಎಷ್ಟು ವರ್ಷಕ್ಕೆ ಗಟ್ಟಿಯಾಗುತ್ತದೆ? ರೇಷ್ಮೆ ಬಿಚ್ಚುವ ಬಿಸಿನೀರಿನ ಹಬೆಯಲ್ಲಿ ಕೂತವರಿಗೆ ಉಬ್ಬಸ ಏಕೆ ಬರುತ್ತದೆ? ಸೌದೆ ಒಲೆ ಊದಿದ ಅಜ್ಜಿಯ ಶ್ವಾಸಕೋಶ ಎಷ್ಟು ಸವೆದಿದೆ? ಇದಕ್ಕೆಲ್ಲ ಮೊದಲು ಸರಿಯಾದ ಅಳತೆಪಟ್ಟಿ ಬೇಕು. 2012ರಲ್ಲಿ ಜಗತ್ತಿಗೆಲ್ಲ ಒಂದೇ ಎಂದು ತಂದ ಶ್ವಾಸಕೋಶದ ಪಟ್ಟಿಯಲ್ಲಿ ಭಾರತೀಯರಿಗೆಂದು ಪ್ರತ್ಯೇಕ ಸಾಲೇ ಇರಲಿಲ್ಲ. ಹಾಗಿರುವಾಗ ಬಿಳಿಗಿರಿರಂಗನ ಬೆಟ್ಟದ ಪೋಡಿನ ಸೋಲಿಗ ಮಗುವಿನ ಉಸಿರನ್ನು ಯಾರ ಟೇಪಿನಿಂದ ಅಳೆಯೋಣ? ಆ ಟೇಪು ಮಾಡಬೇಕಾದವರು ನೀವು.

ದಾರಿ ಇದೆ. ಎಂಬಿಬಿಎಸ್ ಓದುತ್ತಿರುವಾಗಲೇ ಐಸಿಎಂಆರ್‌ನ ವಿದ್ಯಾರ್ಥಿ ಸಂಶೋಧನಾ ಯೋಜನೆಗೆ ಅರ್ಜಿ ಹಾಕಬಹುದು. ಡಾಕ್ಟರ್ ಸೀಟು ಸಿಗದಿದ್ದರೆ ಬಾಗಿಲು ಮುಚ್ಚಿತೆಂದಲ್ಲ: ಮಣಿಪಾಲದಲ್ಲಿ ರೆಸ್ಪಿರೇಟರಿ ಥೆರಪಿಯ ಬಿಎಸ್ಸಿ, ಎಂಎಸ್ಸಿ ಎರಡೂ ಇವೆ. ಎಂಜಿನಿಯರಿಂಗ್ ಹುಡುಗರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದೆ. 2020ರಲ್ಲಿ ಅಲ್ಲಿನ ತಂಡ ಕಾರು, ನೀರಿನ ಫಿಲ್ಟರ್‌ಗಳಿಗೆ ಬಳಸುವ ಬಿಡಿಭಾಗಗಳಿಂದಲೇ ‘ಪ್ರಾಣ’ ಎಂಬ ವೆಂಟಿಲೇಟರ್ ಮಾದರಿ ಕಟ್ಟಿತು. ಅದೇ ವರ್ಷ ಬಿಇಎಲ್ ತಯಾರಿಸಿದ 30,000 ವೆಂಟಿಲೇಟರ್‌ಗಳ ಹಿಂದೆ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ಕೈಯಿತ್ತು. ಪಿಎಚ್‌ಡಿಗೆ ಜೆಆರ್‌ಎಫ್ ಎಂಬ ಶಿಷ್ಯವೇತನ ಸಿಕ್ಕರೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ. ಅಪ್ಪನ ಮುಂದೆ ಕೈಚಾಚದೆ ಓದಬಹುದು.

‘ನಾವಿನ್ನೂ ಹುಡುಗರು’ ಎನ್ನಬೇಡಿ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ ಉಸಿರಾಟದ ಯಂತ್ರಗಳು ಸಾಲದಾದವು. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಗಂಟಲಿಗೆ ಕೊಳವೆ ಇಟ್ಟು ಗಾಳಿ ತುಂಬುವ ದಾರಿ ತೋರಿಸಿದರು. ರಬ್ಬರ್ ಚೀಲ ಅದುಮಲು ಬಂದವರು ಸುಮಾರು 1,500 ವಿದ್ಯಾರ್ಥಿಗಳು. ಪಾಳಿಯ ಮೇಲೆ ಪಾಳಿ, ಹಗಲೂ ರಾತ್ರಿ, ವಾರಗಟ್ಟಲೆ ಅದುಮಿದರು. ಇಂದಿನ ಐಸಿಯು ಬೆಳೆದದ್ದು ಆ ಹುಡುಗರ ಅಂಗೈಯಿಂದ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಅಜ್ಜಿ ನಿದ್ದೆ ಹೋದ ಮೇಲೆ ಪಕ್ಕದಲ್ಲಿ ಕೂತು, ಗಡಿಯಾರ ನೋಡುತ್ತ, ಒಂದು ನಿಮಿಷಕ್ಕೆ ಎದೆ ಎಷ್ಟು ಸಲ ಏರಿಳಿಯುತ್ತದೆ ಎಣಿಸಿ. ಪುಸ್ತಕದಲ್ಲಿ ಬರೆದಿಡಿ. ನಾಳೆ ಪಕ್ಕದ ಮನೆಯ ಕ್ವಾರಿ ಕೂಲಿಯವರನ್ನು ಕೇಳಿಕೊಂಡು ಅವರದೂ ಬರೆಯಿರಿ. ಎರಡೂ ಸಂಖ್ಯೆ ಏಕೆ ಬೇರೆಯಾದವು ಎಂಬ ಪ್ರಶ್ನೆ ತಲೆಯಲ್ಲಿ ಕೊರೆಯತೊಡಗಿದರೆ, ನಿಮ್ಮ ಸಂಶೋಧನೆಯ ಮೊದಲ ಪುಟ ಆಗಲೇ ತೆರೆದಿದೆ.