ಕಟ್ಟೆಯ ಮಾತು ಸಭೆಗೆ ಬರಲಿ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಹೇಳಿದ್ದಾರೆ. ಲೆಕ್ಕಪತ್ರ ಕಾರ್ಯದರ್ಶಿಗಳ ವರದಿಯಲ್ಲಿದೆ. ನಾವು ಬೇರೊಂದು ವಿಚಾರ ಹೇಳಬೇಕು ಅಂತ ನಿಂತಿದ್ದೇವೆ. ಈ ಸಂಘದಲ್ಲಿ ನಾವೆಲ್ಲ ಕಲಿತದ್ದನ್ನು ಊರಿನ ಕೆಲಸಕ್ಕೂ ಬಳಸಬೇಕಲ್ಲವೆ ಎನ್ನುವುದೇ ಆ ವಿಚಾರ.

ಬೆಳಿಗ್ಗೆ ಒಂದು ಸಾರಿ, ಸಂಜೆ ಒಂದು ಸಾರಿ ಹಾಲು ಹಿಡಿದುಕೊಂಡು ಡೈರಿಗೆ ಬರುತ್ತೇವೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ರೇಟು ಎಷ್ಟು ಅಂತ ಚೀಟಿ ನೋಡುತ್ತೇವೆ. ನೆನ್ನೆಗಿಂತ ಎರಡು ಪಾಯಿಂಟ್ ಕಮ್ಮಿ ಬಂದರೆ, ಓದು ಬಾರದ ಅಜ್ಜಿ ಕೂಡ "ಯಾಕಪ್ಪಾ, ಅದೇ ಹಸ, ಅದೇ ಮೇವು, ಇವತ್ತೇನಾಯ್ತು?" ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಸಿಗುವ ತನಕ ಜಾಗ ಬಿಡುವುದಿಲ್ಲ. ಹೀಗೆ ಕೇಳುವವರು ಇದ್ದುದರಿಂದಲೇ ಈ ಸಂಘ ಉಳಿದಿದೆ.

ಆದರೆ ನಮ್ಮ ಬೀದಿಯ ಚರಂಡಿ ಎಷ್ಟು ಉದ್ದ ಆಗಬೇಕಿತ್ತು, ಎಷ್ಟು ಆಯ್ತು, ಬಿಲ್ಲು ಎಷ್ಟಾಯ್ತು ಎನ್ನುವ ಮಾತು ಬಂದಾಗ ಇದೇ ಜನ ಸುಮ್ಮನಾಗುತ್ತಾರೆ. ಸುಮ್ಮನೆ ಅಂದರೆ ಪೂರಾ ಸುಮ್ಮನೆ ಅಲ್ಲ. ಅರಳಿಕಟ್ಟೆಯಲ್ಲಿ, ಟೀ ಅಂಗಡಿಯಲ್ಲಿ, ಡೈರಿಯ ಸಾಲಿನಲ್ಲಿ ಎಲ್ಲ ಮಾತಾಡುತ್ತಾರೆ. ಯಾವ ಬೀದಿಯ ದೀಪ ಉರಿಯುತ್ತಿಲ್ಲ, ಯಾವ ನಲ್ಲಿಗೆ ನೀರು ಬರುತ್ತಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಕಟ್ಟೆಯಲ್ಲಿ ಆಡಿದ ಮಾತಿಗೆ ನಡಾವಳಿ ಪುಸ್ತಕ ಇಲ್ಲ. ಬರವಣಿಗೆಯಲ್ಲಿ ಇಲ್ಲದ ಮಾತಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ಮಹನೀಯರೆ, ಕೂಡಿ ಕುಳಿತು ತೀರ್ಮಾನ ಮಾಡುವುದು ನಮಗೆ ಹೊಸದಲ್ಲ. 1904ರಲ್ಲಿ ಸಹಕಾರ ಕಾಯ್ದೆ ಬಂದ ಮರುವರ್ಷ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ದೇಶಕ್ಕೆ ಮೊದಲನೆಯ ಸಹಕಾರ ಸಂಘ ಎಂಬ ಹೆಸರು ಅದಕ್ಕಿದೆ. ಎಕರೆಗಟ್ಟಲೆ ಜಮೀನು ಇರುವವನಿಗೂ ಒಂದೇ ಓಟು, ಒಂದು ಹಸು ಕಟ್ಟಿದವನಿಗೂ ಒಂದೇ ಓಟು. ಇದು ಸಹಕಾರದ ಮೂಲ ತತ್ವ.

ಪಂಚಾಯ್ತಿ ವಿಚಾರದಲ್ಲೂ ನಮ್ಮ ರಾಜ್ಯ ಹಿಂದೆ ಬಿದ್ದಿರಲಿಲ್ಲ. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್‌ಸಾಬ್ ಅನ್ನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದ ಕಾಲದ 1983ರ ಕಾಯ್ದೆಯಲ್ಲೇ ಹೆಣ್ಣುಮಕ್ಕಳಿಗೆ ಶೇ. 25 ಸ್ಥಾನ ಇಟ್ಟಿದ್ದರು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಅದೇ ವರ್ಷದ್ದು. 2010ರ ತಿದ್ದುಪಡಿಯಿಂದ ಮಹಿಳೆಯರ ಪಾಲು ಅರ್ಧಕ್ಕೆ ಏರಿತು.

ಈ ಕಾಯ್ದೆಯ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಎರಡನ್ನೂ ಆರು ತಿಂಗಳಿಗೆ ಒಂದು ಸಾರಿಯಾದರೂ ಕರೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರೇ. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಇಲ್ಲವೆ 20 ಜನ, ಯಾವುದು ಕಮ್ಮಿಯೋ ಅಷ್ಟು ಜನ ಇದ್ದರೆ ಕೋರಂ ಆಯ್ತು. ಯಾವ ಕೆಲಸ ಮೊದಲು, ಮನೆ ಯಾರಿಗೆ ಎನ್ನುವ ಮಾತು ಶುರುವಾಗಬೇಕಾದ್ದು ಅಲ್ಲೇ. ಇಪ್ಪತ್ತು ಜನ! ನಮ್ಮ ಡೈರಿ ಮುಂದೆ ಬೆಳಿಗ್ಗೆ ಆರೂವರೆಗೆ ಅದಕ್ಕಿಂತ ಜಾಸ್ತಿ ಜನ ನಿಂತಿರುತ್ತಾರೆ.

ಹಾಗಾದರೆ ಜನ ಯಾಕೆ ಹೋಗುವುದಿಲ್ಲ? ಕೆಲವರಿಗೆ ಬೇಸರ. "ಹೋಗಿ ಏನಾಗ್ಬೇಕು ಬಿಡಣ್ಣ" ಅನ್ನುತ್ತಾರೆ. ಕೆಲವರಿಗೆ ಕೂಲಿ ತಪ್ಪುತ್ತದೆ. ಇನ್ನು ಕೆಲವರಿಗೆ ಭಯ. ಕೇಳಿದರೆ ಎಲ್ಲಿ ಮನೆ ಬಿಲ್ಲು ನಿಲ್ಲುತ್ತದೋ, ಎಲ್ಲಿ ಪಟ್ಟಿಯಿಂದ ಹೆಸರು ಬಿಡುತ್ತಾರೋ ಅಂತ. ಈ ಭಯ ಸುಳ್ಳು ಅಂತ ನಾವು ಹೇಳುವುದಿಲ್ಲ. ಬಡವನಿಗೆ ಒಂದು ಮನೆ ಅಂದರೆ ಸಣ್ಣ ಮಾತಲ್ಲ. ಆದರೆ ಇದಕ್ಕೆ ಮದ್ದು ಸಹಕಾರದಲ್ಲೇ ಇದೆ. ಒಬ್ಬ ಕೇಳಿದರೆ ಅವನು ತಕರಾರಿನವ. ಇಪ್ಪತ್ತು ಜನ ಕೂಡಿ ಕೇಳಿದರೆ ಅದು ಊರಿನ ಮಾತು.

ಅದಕ್ಕೆ ನಾವು ನಾಲ್ಕು ಸಲಹೆ ಕೊಡುತ್ತೇವೆ.

ಒಂದು, ವಾರ್ಡ್ ಸಭೆಯ ತಾರೀಖು ಗೊತ್ತಾದ ಕೂಡಲೆ ಡೈರಿಯ ಬೋರ್ಡಿನ ಮೇಲೆ ಬರೆಯೋಣ. ಹಾಲು ಹಾಕಿ ನಿಂತಾಗಲೇ ಮಾತಾಡಿಕೊಂಡು, ನಮ್ಮ ಬೀದಿಗೆ ಮೊದಲು ಬೇಕಾದ್ದು ಯಾವುದು ಅಂತ ಒಮ್ಮತಕ್ಕೆ ಬರೋಣ. ಹತ್ತು ಬೇಡಿಕೆ ಕೂಗುವುದಕ್ಕಿಂತ ಎರಡನ್ನು ಗಟ್ಟಿಯಾಗಿ ಹಿಡಿಯುವುದು ಮೇಲು.

ಎರಡು, ಸಭೆ ಶುರುವಾದ ತಕ್ಷಣ ಹಿಂದಿನ ಸಭೆಯ ನಡಾವಳಿ ಓದಿಸಬೇಕು. ಆವತ್ತು ಬರೆದದ್ದರಲ್ಲಿ ಏನಾಗಿದೆ, ಏನಾಗಿಲ್ಲ, ಯಾಕಾಗಿಲ್ಲ ಅಂತ ಕೇಳಬೇಕು. ಬರೀ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಬಂದರೆ, ಫ್ಯಾಟ್ ನೋಡದೆ ಹಾಲು ಸುರಿದು ಬಂದ ಹಾಗೆ.

ಮೂರು, ಕೇಳಿದ್ದನ್ನು ಬರೆಸಬೇಕು. ಮಾಹಿತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಕೊಡಬೇಕು. ಎಸ್ಸೆಸ್ಸೆಲ್ಸಿ ಓದಿದ ಯಾವ ಹುಡುಗ, ಹುಡುಗಿ ಬೇಕಾದರೂ ಬರೆದುಕೊಡಬಹುದು.

ನಾಲ್ಕು, ಹೆಣ್ಣುಮಕ್ಕಳು ಬರಬೇಕು. ಬಂದವರಲ್ಲಿ ಆದಷ್ಟು ಮಟ್ಟಿಗೆ ಶೇ. 30ರಷ್ಟು ಮಹಿಳೆಯರು ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಹಾಲು ಕರೆಯುವವರು ಅವರು, ನೀರು ಹಿಡಿಯುವವರು ಅವರು. ನಲ್ಲಿಯ ಕಷ್ಟ ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಕೂಲಿಗೆ ಹೋಗುವ ಹೊತ್ತಿನಲ್ಲಿ ಸಭೆ ಇಟ್ಟರೆ ಅವರು ಹೇಗೆ ಬಂದಾರು? ಎಲ್ಲರಿಗೂ ಅನುಕೂಲವಾದ ಹೊತ್ತಿಗೆ ಇಡಿ ಅಂತ ಪಂಚಾಯ್ತಿಯವರನ್ನು ನಾವೆಲ್ಲ ಸೇರಿ ಕೇಳೋಣ.

ಇನ್ನೊಂದು ಮಾತು. ಕೇಳುವುದು ಅಂದರೆ ಜಗಳ ಅಲ್ಲ. ಎಲೆಕ್ಷನ್ ಸೋತವರು ಗೆದ್ದವರ ಮೇಲೆ ಸೇಡು ತೀರಿಸಿಕೊಳ್ಳುವ ಜಾಗವೂ ಅದಲ್ಲ. ಸರಿಯಾದ ಲೆಕ್ಕ ಇಟ್ಟಿರುವವರಿಗೆ ಪ್ರಶ್ನೆಯಿಂದ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕಮ್ಮಿಯಾಗುವುದಿಲ್ಲ. ಪಂಚಾಯ್ತಿಗೆ ಹೇಳಿದ ಮಾತು ನಮಗೂ ಅನ್ವಯಿಸುತ್ತದೆ. ನಮ್ಮ ಸಂಘದ ವಾರ್ಷಿಕ ಮಹಾಸಭೆಗೆ ಬನ್ನಿ. ಬೋನಸ್ ವಿಷಯ ಮುಗಿದ ಕೂಡಲೆ ಎದ್ದು ಹೋಗಬೇಡಿ. ಆಡಿಟ್ ವರದಿ ಓದಿಸಿ, ನಿರ್ದೇಶಕರಾದ ನಮ್ಮನ್ನೂ ನಿಲ್ಲಿಸಿ ಕೇಳಿ. ಉತ್ತರ ಹೇಳುವುದು ನಮ್ಮ ಕರ್ತವ್ಯ.

ಊರಿನ ಹುಡುಗರು ಬೆಂಗಳೂರು ಸೇರುತ್ತಿದ್ದಾರೆ. ಇಲ್ಲಿ ಉಳಿದಿರುವ ನಾವೂ ಬಾಯಿ ಮುಚ್ಚಿಕೊಂಡರೆ ಊರಿನ ತೀರ್ಮಾನ ನಾಲ್ಕು ಜನರ ಕೈಗೆ ಹೋಗುತ್ತದೆ. ಇಪ್ಪತ್ತೈದು ವರ್ಷ ಹಾಲಿನ ಲೆಕ್ಕ ಕೇಳಿ ಸಂಘ ಉಳಿಸಿಕೊಂಡವರು ನೀವು. ಬರುವ ವಾರ್ಡ್ ಸಭೆಯಲ್ಲಿ ಊರಿನ ಲೆಕ್ಕವನ್ನೂ ಕೇಳಿ ಎಂದು ವಿನಂತಿಸಿಕೊಂಡು ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ. ಜೈ ಕರ್ನಾಟಕ.