ಹೆಬ್ಬೆರಳು ದಾಟುವ ಜಾಗ



ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಕೊಡುತ್ತಿದ್ದೇವೆ. ಸಾಫ್ಟ್‌ವೇರ್ ಕೆಲಸದ ನಡುವೆ ನಾಲ್ಕು ವರ್ಷದಿಂದ ಪಿಯಾನೋ ಕಲಿಯುತ್ತಿರುವವನು ನಾನೊಬ್ಬನೇ. ಹಾಗಾಗಿ ಮಾತಾಡುವ ಪಾಳಿ ನನ್ನದು. ಬೆರಳಿನ ವಿಷಯ ಮಾತ್ರ ಹೇಳುತ್ತೇನೆ.

ಟೈಪಿಂಗ್ ಕಲಿತವರಿಗೆ ಗೊತ್ತು, ಅಲ್ಲಿ ಪ್ರತಿ ಅಕ್ಷರಕ್ಕೂ ಇಂಥದೇ ಬೆರಳು ಎಂದಿದೆ. ಪಿಯಾನೋದಲ್ಲಿ ಯಾವ ಕೀಗೂ ಕಾಯಂ ಬೆರಳಿಲ್ಲ. ಮುಂದೆ ಬರುವ ಸ್ವರ ಯಾವುದೆಂದು ನೋಡಿ ಈಗಿನ ಬೆರಳನ್ನು ಆರಿಸಬೇಕು.

ಎರಡೂ ಕೈಗಳಲ್ಲಿ ಹೆಬ್ಬೆರಳು 1, ಕಿರುಬೆರಳು 5. ಸಿ ಎಂಬ ಬಿಳಿ ಕೀಯನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣದ ಆರೋಹಣಕ್ಕೆ ಬಿಳಿ ಕೀಗಳೇ ಸಾಕು. ಆದರೆ ಸ್ವರ ಎಂಟು, ಬೆರಳು ಐದು! ಬಲಗೈಯ 1, 2, 3 ಸ-ರಿ-ಗ ನುಡಿಸುತ್ತವೆ. ನಡುಬೆರಳು ಗಾಂಧಾರದ ಮೇಲಿರುವಾಗಲೇ ಹೆಬ್ಬೆರಳು ಅದರ ಅಡಿಯಲ್ಲಿ ನುಸುಳಿ ಮಧ್ಯಮಕ್ಕೆ ಹೋಗಬೇಕು. ಅಲ್ಲಿಂದ 2, 3, 4, 5ಕ್ಕೆ ಪ-ದ-ನಿ-ಸ. ಷಡ್ಜವನ್ನು ಎಫ್ ಕೀಗೆ ಸರಿಸಿದರೆ ಮಧ್ಯಮ ಕಪ್ಪು ಕೀ ಮೇಲೆ ಬೀಳುತ್ತದೆ. ಗಿಡ್ಡ ಹೆಬ್ಬೆರಳಿಗೆ ಅದು ದೂರ. ಅದಕ್ಕೆ ಅಲ್ಲಿ 4ನೇ ಬೆರಳು, ಹೆಬ್ಬೆರಳು ಪಂಚಮಕ್ಕೆ.

ಹಿಂದೆ ಯುರೋಪಿನ ದೊಡ್ಡ ವಾದಕರೂ ದೂರದ ಸ್ವರ ಹಿಡಿಯಲಷ್ಟೇ ಹೆಬ್ಬೆರಳು ಬಳಸುತ್ತಿದ್ದರಂತೆ. ತಮ್ಮ ತಂದೆ ಹೀಗೆ ಹೇಳಿದ್ದನ್ನು ಸಿ.ಪಿ.ಇ. ಬಾಖ್ 1753ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಮುಂದೆ ಶೋಪೆನ್, ಶಿಷ್ಯರ ಮೂರು ಉದ್ದ ಬೆರಳು ಕಪ್ಪು ಕೀಗಳ ಮೇಲೆ, ಹೆಬ್ಬೆರಳು ಕಿರುಬೆರಳು ಬಿಳಿಯ ಮೇಲೆ ಬರುವಂತೆ ಕೈ ಇಡಿಸುತ್ತಿದ್ದರು. ನನಗೂ ಇದೇ ಸರಿ ಎನಿಸುತ್ತದೆ, ಕೈ ತಾನಾಗಿ ಕಮಾನಾಗುತ್ತದೆ.

ಮೊಬೈಲ್ ನೋಡಿ ಕಲಿಯುವ ಮಕ್ಕಳಿಗೆ ಯಾವ ಕೀ ಎಂಬುದು ತಿಳಿಯುತ್ತದೆ, ಯಾವ ಬೆರಳು ಎಂಬುದು ಎಷ್ಟೋ ಸಲ ತಿಳಿಯುವುದಿಲ್ಲ. ತೋರುಬೆರಳೊಂದರಲ್ಲೇ ನಾಡಗೀತೆ ಬಂದುಬಿಡುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಹಾಡು ಸ್ವಲ್ಪ ವೇಗವಾದರೆ ಮಣಿಕಟ್ಟು ಬಿಗಿಯುತ್ತದೆ, "ನನಗೆ ಸಂಗೀತ ಬರಲ್ಲ" ಎಂದು ಮಗು ಎದ್ದುಹೋಗುತ್ತದೆ. ನಮ್ಮಲ್ಲಿ ಸಂಗೀತದ ಮೇಷ್ಟ್ರಿಲ್ಲ, ಅದನ್ನು ಮತ್ತೆ ಕರೆದು ಕೂರಿಸುವವರು ಯಾರು?

ಆದ್ದರಿಂದ ಗುರುಗಳಲ್ಲಿ ಒಂದು ವಿನಂತಿ. ಆಗಸ್ಟ್ 15ಕ್ಕೆ ಹಾಡು ತಯಾರಾಗಲಿ ಎಂದು ಈ ವರ್ಷ ಕೇಳಬೇಡಿ. ಭಜನೆಗೆ ಹಾರ್ಮೋನಿಯಂ ನುಡಿಸುವ ಹಿರಿಯರು ವಾರಕ್ಕೊಮ್ಮೆ ಬಂದು ಮಕ್ಕಳ ಬಲಗೈ ನೋಡಿದರೆ ಸಾಕು. ಅವರ ಎಡಗೈ ತಿದಿ ಒತ್ತುವುದರಲ್ಲೇ ಇರುತ್ತದಲ್ಲ, ಎಡಗೈ ಪಾಠಕ್ಕೆ ತಿಂಗಳಿಗೊಂದು ಭಾನುವಾರ ನಾನು ಬರುತ್ತೇನೆ.

ಮೊದಲ ಪಾಠ ಬರುವ ಭಾನುವಾರ ಬೆಳಿಗ್ಗೆ 10ಕ್ಕೆ. ಮಕ್ಕಳೇ, ಉಗುರು ಕತ್ತರಿಸಿಕೊಂಡು ಬನ್ನಿ.