ಜೇಡಿಮಣ್ಣಿನೊಳಗಿನ ಗಡಿಯಾರ: ಬೆಟ್ಟದ ಬಿರುಕುಗಳ ವಯಸ್ಸು ತಿಳಿಯುವ ಬಗೆ

(ಉಪನ್ಯಾಸದ ಲಿಖಿತ ರೂಪ)



ನಾನು ಭೂವಿಜ್ಞಾನಿಯಲ್ಲ, ಮಣ್ಣಿನ ವಿದ್ಯಾರ್ಥಿ. ಆದರೂ ಬೆಟ್ಟದೊಳಗಿನ ಬಿರುಕುಗಳ ಕುರಿತು ಮಾತನಾಡಲು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಆ ಬಿರುಕುಗಳ ವಯಸ್ಸನ್ನು ಹೇಳಬಲ್ಲ ಸಾಕ್ಷಿ ಜೇಡಿಮಣ್ಣಿನ ಖನಿಜ. ಅದು ನನ್ನಂಥವರಿಗೂ ಪರಿಚಿತವಾದ ವಸ್ತು. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವ್ಯಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಂದಿನಿಂದ, ‘ಇಲ್ಲಿನ ಶಿಲೆ ಪುರಾತನ, ಆದುದರಿಂದ ಅಲುಗದು’ ಎಂಬ ಮಾತು ಒಂದೆಡೆ, ‘ಬೆಟ್ಟವೆಲ್ಲ ಬಿರುಕು, ನಾಳೆಯೇ ಕುಸಿದೀತು’ ಎಂಬ ಮಾತು ಇನ್ನೊಂದೆಡೆ ಕೇಳಿಬರುತ್ತಿವೆ. ಎರಡನ್ನೂ ಅಳತೆಯಿಂದ ಪರೀಕ್ಷಿಸಬೇಕು.

ಮೊದಲು ಒಂದು ಭೇದವನ್ನು ಗಮನಿಸೋಣ. ಶಿಲೆಯ ವಯಸ್ಸು ಬೇರೆ, ಶಿಲೆ ಬಿರಿದು ಸರಿದ ಕಾಲ ಬೇರೆ. ನಮ್ಮ ಜಿಲ್ಲೆಯ ಹಳೆಯ ನೈಸ್ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಆದರೆ ಅವುಗಳೊಳಗಿನ ಸ್ತರಭಂಗಗಳು ಬೇರೆ ಬೇರೆ ಕಾಲಗಳಲ್ಲಿ ಸರಿದಿರಬಹುದು. ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಬೇರ್ಪಟ್ಟದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬಶಿಲೆಗಳು ಆ ಘಟನೆಯ ಕುರುಹುಗಳು. ಹಳೆಯ ಶಿಲೆಯೆಂಬ ಭರವಸೆ ಎಷ್ಟು ದುರ್ಬಲವೆಂಬುದನ್ನು ಕೊಯ್ನಾ ತೋರಿಸಿತು. ಭದ್ರವೆಂದು ನಂಬಲಾಗಿದ್ದ ಆ ನೆಲದಲ್ಲಿ, ಜಲಾಶಯ ತುಂಬಲಾರಂಭಿಸಿದ ಐದಾರು ವರ್ಷಗಳಲ್ಲೇ, 1967ರ ಡಿಸೆಂಬರ್ 11ರಂದು 6.3 ತೀವ್ರತೆಯ ಭೂಕಂಪವಾಯಿತು.

ಹಾಗಾದರೆ ಸರಿದ ಕಾಲವನ್ನು ತಿಳಿಯುವುದು ಹೇಗೆ? ಎರಡು ಬಂಡೆಗಳು ಒಂದರ ಮೇಲೊಂದು ಉಜ್ಜಿಕೊಂಡು ಸರಿದಾಗ ನಡುವಿನ ಕಲ್ಲು ಬೀಸುಕಲ್ಲಿಗೆ ಸಿಕ್ಕ ಕಾಳಿನಂತೆ ಹಿಟ್ಟಾಗುತ್ತದೆ. ಆಳದ ಬಿಸಿನೀರು ಆ ಹಿಟ್ಟಿನೊಳಗೆ ಹರಿದು ಹೊಸ ಜೇಡಿ ಖನಿಜಗಳು ಬೆಳೆಯುತ್ತವೆ. ಅವುಗಳಲ್ಲಿ ಮುಖ್ಯವಾದುದು ಇಲೈಟ್. ಅದರ ಪದರಗಳ ನಡುವೆ ಪೊಟ್ಯಾಸಿಯಂ ಸೇರಿರುತ್ತದೆ. ಪೊಟ್ಯಾಸಿಯಂನ ಅತ್ಯಲ್ಪ ಅಂಶವಾದ ಪೊಟ್ಯಾಸಿಯಂ-40 ವಿಕಿರಣಶೀಲ. ಅದರ ಅರ್ಧಾಯು ಸುಮಾರು 125 ಕೋಟಿ ವರ್ಷ. ಕ್ಷಯಿಸಿದ ಪರಮಾಣುಗಳಲ್ಲಿ ಹತ್ತರಲ್ಲೊಂದರಷ್ಟು ಆರ್ಗಾನ್ ಅನಿಲವಾಗಿ ಹರಳಿನೊಳಗೆ ಸೆರೆಯಾಗುತ್ತವೆ. ಪೊಟ್ಯಾಸಿಯಂ ಎಷ್ಟಿದೆ, ಆರ್ಗಾನ್ ಎಷ್ಟು ಕೂಡಿದೆ ಎಂದು ಅಳೆದರೆ ಹರಳು ಹುಟ್ಟಿದ ಕಾಲ ತಿಳಿಯುತ್ತದೆ.

ತೊಡಕೊಂದಿದೆ. ಆ ಹಿಟ್ಟಿನಲ್ಲಿ ಅಕ್ಕಪಕ್ಕದ ಬಂಡೆಯಿಂದ ಬಂದ ಹಳೆಯ ಅಭ್ರಕವೂ ಬೆರೆತಿರುತ್ತದೆ. ಅದು ತನ್ನ ಹಳೆಯ ಆರ್ಗಾನನ್ನು ಹೊತ್ತುಕೊಂಡೇ ಬಂದಿರುತ್ತದೆ. ಆದ್ದರಿಂದ ಮಾದರಿಯನ್ನು ನೀರಿನಲ್ಲಿ ಕದಡಿ, ಕಣಗಳನ್ನು ಗಾತ್ರದಂತೆ ಬೇರ್ಪಡಿಸುತ್ತಾರೆ. ದಪ್ಪ ಕಣಗಳಲ್ಲಿ ಹಳೆಯ ಅಭ್ರಕ ಹೆಚ್ಚು, ನುಣ್ಣನೆಯ ಕಣಗಳಲ್ಲಿ ಹೊಸ ಇಲೈಟ್ ಹೆಚ್ಚು. ಪ್ರತಿ ಭಾಗದ ಮಿಶ್ರಣದ ಪ್ರಮಾಣವನ್ನು ಕ್ಷ-ಕಿರಣದಿಂದ ಅಳೆದು, ಹಳೆಯದರ ಪಾಲು ಕಡಿಮೆಯಾದಂತೆ ವಯಸ್ಸು ಹೇಗೆ ಇಳಿಯುತ್ತದೆಂದು ಗೆರೆ ಎಳೆಯುತ್ತಾರೆ. ಹಳೆಯದರ ಪಾಲು ಸೊನ್ನೆಯಾಗುವ ಬಿಂದುವೇ ಬಿರುಕಿನ ಜೇಡಿ ಬೆಳೆದ ಕಾಲ. ಕೆನಡಾದ ರಾಕಿ ಪರ್ವತಗಳ ಸ್ತರಭಂಗಗಳು ಸುಮಾರು 5 ಕೋಟಿ ವರ್ಷಗಳ ಹಿಂದೆ ಸರಿದವೆಂದು 2001ರಲ್ಲಿ ಈ ಕ್ರಮದಿಂದಲೇ ಕಂಡುಕೊಳ್ಳಲಾಯಿತು.

ನಮ್ಮಲ್ಲಿ ಎಲ್ಲರೂ ಬಲ್ಲ ಜೇಡಿಯೆಂದರೆ ಚಿರೆಕಲ್ಲಿನ ಕೆಳಗೆ ಸಿಗುವ ಶೇಡಿಮಣ್ಣು. ಅದು ಈ ಕೆಲಸಕ್ಕೆ ಬಾರದು. ಮಳೆನೀರು ಸಾವಿರಾರು ಶತಮಾನ ಇಳಿದು ಪೊಟ್ಯಾಸಿಯಂ ಅನ್ನು ತೊಳೆದೊಯ್ದ ಮೇಲೆ ಉಳಿದ ಕೆಯೋಲಿನೈಟ್ ಅದು. ಅದರಲ್ಲಿ ಗಡಿಯಾರವೇ ಇಲ್ಲ. ಆದರೆ ಚಿರೆಕಲ್ಲಿನ ಮ್ಯಾಂಗನೀಸ್ ಖನಿಜಗಳಲ್ಲಿ ಪೊಟ್ಯಾಸಿಯಂ ಉಂಟು. ಫ್ರಾನ್ಸಿನ ವಿಜ್ಞಾನಿಗಳು ಭಾರತೀಯ ಭೂವಿಜ್ಞಾನಿ ಎಂ. ಜಯಾನಂದ ಅವರೊಡಗೂಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಆಧರಿಸಿತ್ತು. ಘಟ್ಟದ ಕೆಳಗಿನ ತಗ್ಗುನಾಡು ಸುಮಾರು 4.7 ಕೋಟಿ ವರ್ಷಗಳ ಹಿಂದೆಯೇ ರೂಪುಗೊಂಡಿತ್ತೆಂದೂ ಘಟ್ಟದ ಅಂಚು ಅಂದಿನಿಂದ ಬಹುಮಟ್ಟಿಗೆ ಸ್ಥಿರವೆಂದೂ ಅದು ತೋರಿಸಿತು.

ಇದು ಸಮಾಧಾನದ ಮಾತು. ಆದರೆ ಪೂರ್ಣ ಅಭಯವಲ್ಲ. ಘಟ್ಟದ ಅಂಚು ಹಿಂದೆ ಸರಿದಿಲ್ಲವೆಂದ ಮಾತ್ರಕ್ಕೆ ಪ್ರತಿ ಬಿರುಕೂ ನಿದ್ರಿಸುತ್ತಿದೆ ಎಂದಾಗದು. ಇಲೈಟ್ ಬೆಳೆಯಲು ಬಿಸಿ ಬೇಕು. ಮೇಲ್ಪದರದಲ್ಲಿ ಇತ್ತೀಚೆಗೆ ನಡೆದ ಸಣ್ಣ ಸರಿತ ಅದರಲ್ಲಿ ದಾಖಲಾಗದೆ ಹೋಗಬಹುದು. ಅದಕ್ಕಾಗಿ ಬಿರುಕಿನ ಮೇಲೆ ಕೂತ ಮೆಕ್ಕಲು ಕತ್ತರಿಸಿದೆಯೇ ಎಂದು ನೋಡಿ, ಆ ಮೆಕ್ಕಲಿನ ವಯಸ್ಸನ್ನು ಕಾರ್ಬನ್ ಅಥವಾ ದೀಪ್ತಿ ವಿಧಾನದಿಂದ ಅಳೆಯಬೇಕು.

ಇನ್ನೊಂದು ಗೊಂದಲವನ್ನೂ ನಿವಾರಿಸಬೇಕು. 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ನಾಲ್ವರನ್ನು ಬಲಿತೆಗೆದುಕೊಂಡ ಕುಸಿತವಾಗಲಿ, 2024ರ ಜುಲೈ 16ರ ಶಿರೂರು ದುರಂತವಾಗಲಿ ಭೂಕಂಪದಿಂದಾದವಲ್ಲ. ಮಳೆಯಲ್ಲಿ ನೆನೆದ ಇಳಿಜಾರು ಜಾರಿದ್ದು. ಇವುಗಳಿಗೆ ಸ್ತರಭಂಗದ ವಯಸ್ಸಿಗಿಂತ ಇಳಿಜಾರಿನ ಕೋನ, ನೀರಿನ ದಾರಿ, ಬುಡ ಕಡಿದ ಬಗೆ ಮುಖ್ಯ. ಎರಡು ಅಪಾಯಗಳನ್ನು ಬೆರೆಸಿದರೆ ನಮ್ಮ ವಾದವೇ ಸಡಿಲವಾಗುತ್ತದೆ.

ಆದುದರಿಂದ ಸುರಂಗ ಕೊರೆಯುವ ಯಾವುದೇ ಯೋಜನೆಯ ಮುಂದೆ ನಾವು ಮೂರು ಪ್ರಶ್ನೆಗಳನ್ನಿಡೋಣ. ಮಾರ್ಗದಲ್ಲಿ ಎಷ್ಟು ಸ್ತರಭಂಗಗಳಿವೆ, ಅವುಗಳ ನಕ್ಷೆ ಎಲ್ಲಿ? ಅವುಗಳ ಜೇಡಿಯ ಮತ್ತು ಮೇಲಿನ ಮೆಕ್ಕಲಿನ ವಯಸ್ಸನ್ನು ಅಳೆಯಲಾಗಿದೆಯೇ? ಅಳೆದಿದ್ದರೆ ವರದಿಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡುವಿರಾ?

ನಿಮ್ಮಿಂದಲೂ ಒಂದು ಕೆಲಸವಾಗಬೇಕು. ಬಾವಿ ತೋಡುವಾಗ, ರಸ್ತೆಗೆ ಗುಡ್ಡ ಕಡಿದಾಗ, ಎರಡು ಗಟ್ಟಿ ಬಂಡೆಗಳ ನಡುವೆ ಓರೆಯಾಗಿ ಇಳಿದ ಜೇಡಿಯ ಪಟ್ಟಿ, ಅದರ ಅಂಚಿನಲ್ಲಿ ಹೊಳಪು ಮತ್ತು ಒಂದೇ ದಿಕ್ಕಿನ ಗೀರುಗಳು ಕಂಡರೆ ಸ್ಥಳ, ಆಳ, ದಿಕ್ಕು ಬರೆದಿಟ್ಟುಕೊಳ್ಳಿ, ಚಿತ್ರ ತೆಗೆಯಿರಿ. ಕಲ್ಲಿನ ಗೋಡೆ ಕಟ್ಟಿ ಮುಚ್ಚುವ ಮುನ್ನ ಭೂವಿಜ್ಞಾನ ಬಲ್ಲವರಿಗೆ ತಿಳಿಸಿ. ಒಮ್ಮೆ ಸಿಮೆಂಟು ಬಳಿದರೆ ಆ ಸಾಕ್ಷಿ ಮತ್ತೆ ನಮ್ಮ ಕೈಗೆ ಸಿಗದು.